ಮೂರು ಪಾಲು ಹಿಂದೆ, ಒಂದು ಪಾಲು ಮುಂದೆ

ಇಟ್ಟಮಡು,
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಗೆಳೆಯ ಭೀಮಪ್ಪನಿಗೆ ಜಯದೇವಪ್ಪನ ಶರಣು.

ಮೊದಲು ಖರ್ಚು ಹೇಳಿಬಿಡುತ್ತೇನೆ. ಟೈಲ್ಸ್ ಅಂಗಡಿಯವನಿಗೆ ಅದಿಲ್ಲದೆ ಮಾತು ಶುರುವಾಗುವುದಿಲ್ಲ. ಗಾಲ್ಫ್ ಎಂಬ ಈ ಗೀಳಿಗೆ ನಾನು ಸುರಿದದ್ದು ಇಷ್ಟು: ಡ್ರೈವರ್ ಎನ್ನುವ ಉದ್ದನೆಯ ಕೋಲು, ಮೂವತ್ತೆಂಟು ಸಾವಿರ. ಅಳಿಯ ಕಟ್ಟಿದ ಮೊದಲ ಮೂರು ತಿಂಗಳು ಬಿಟ್ಟು ಕೋಚ್ ನಂದಕುಮಾರನ ಫೀಸು, ಇಪ್ಪತ್ತನಾಲ್ಕು ಸಾವಿರ. ಕಿವಿಯಲ್ಲಿ ಟಿಕ್ ಟಿಕ್ ಎಂದು ತಾಳ ಹಾಕುವ ಯಂತ್ರ, ಆರು ಸಾವಿರ. ಈಗ ಅದು ಮೊಮ್ಮಗಳು ಸಿರಿಯ ಆಟದ ಸಾಮಾನು. ಬುಟ್ಟಿಗಟ್ಟಲೆ ಹೊಡೆದ ಚೆಂಡುಗಳ ಬಾಡಿಗೆ ಎಷ್ಟೆಂದು ಮೀನಾಕ್ಷಿಗೇ ಹೇಳಿಲ್ಲ, ನಿನಗೂ ಹೇಳುವುದಿಲ್ಲ. ಎಲ್ಲ ಕೂಡಿದರೂ ಒಂದು ಸಾಧಾರಣ ಮನೆಯ ಬಚ್ಚಲಿಗೆ ಟೈಲ್ಸ್ ಹಾಕಿಸಿದ ಖರ್ಚು. ಕೊನೆಯದು ಮಾತ್ರ ಬೇರೆ: ನೀನು ನನ್ನ ಜೊತೆ ಮಾತು ಬಿಟ್ಟು ಹನ್ನೊಂದು ವಾರವಾಯಿತು. ಅದರ ರೇಟು ನನಗೆ ತಿಳಿಯದು.

ನಿನ್ನ ಅರೆಕೆರೆ ಎಷ್ಟು ದೂರ, ಬಂದು ಹೇಳಬಹುದಿತ್ತು. ಆದರೆ ಎದುರಿಗೆ ಕೂತರೆ ನಾನು ವ್ಯಾಪಾರಕ್ಕಿಳಿಯುತ್ತೇನೆ, ನೀನು ಸಂಕೋಚಕ್ಕೆ ಹೂಂ ಎನ್ನುತ್ತೀಯ. ಮೂವತ್ತೆಂಟು ವರ್ಷದಿಂದ ಹಾಗೇ ನಡೆದಿದೆ. ಅದಕ್ಕೇ ಕಾಗದ.

ಮೊನ್ನೆ ನಿನ್ನ ಮಗಳು ಮೇಘಶ್ರೀ ಫೋನ್ ಮಾಡಿದ್ದಳು. "ಅಂಕಲ್, ಅಪ್ಪ ಬೆಳಗ್ಗೆ ಪೂಜೆಗೆ ಕೂತ್ರೆ ಸುಮ್ನೆ ಲಿಂಗ ನೋಡ್ತಾ ಕೂತಿರ್ತಾರೆ. ಮಂತ್ರ ಬಾಯಿಗೆ ಬರ್ತಿಲ್ವಂತೆ. ಯಾಕೆ ಅಂದ್ರೆ ಹೇಳಲ್ಲ. ನಿಮ್ಗೇನಾದ್ರೂ ಗೊತ್ತಾ?" ಎಂದಳು. ಗೊತ್ತಿಲ್ಲಮ್ಮ ಎಂದೆ. ಗೊತ್ತಿತ್ತು.

ಭೀಮು, ನನ್ನ ಹೊಟ್ಟೆಕಿಚ್ಚಿನ ಕಥೆ ಇದು. ಓದಿ ಮುಗಿಸು, ಆಮೇಲೆ ಹರಿದು ಹಾಕು.

ಗಾಲ್ಫಿಗೆ ನಿನ್ನನ್ನು ಕರೆದುಕೊಂಡು ಹೋದವನು ನಾನು. ನನ್ನ ಅರವತ್ತಕ್ಕೆ ಅಳಿಯ ರೇವಂತ್ ಕೋಣನಕುಂಟೆಯ ಆಚೆ ಇರುವ ಆ ಅಭ್ಯಾಸದ ಮೈದಾನದಲ್ಲಿ ಮೂರು ತಿಂಗಳ ಕಲಿಕೆ ಕಟ್ಟಿಸಿಕೊಟ್ಟ. ಒಬ್ಬನೇ ಹೋಗಲು ನಾಚಿಕೆ. ಬ್ಯಾಂಕಿನಿಂದ ರಿಟೈರಾಗಿ ಮನೆಯಲ್ಲಿ ಕೂತ ನೀನಿದ್ದೆ, ಜೊತೆಗೆ ಬಾ ಎಂದೆ. ನಾನು ಹೊಡೆಯುವುದನ್ನು ಯಾರಾದರೂ ನೋಡಬೇಕಲ್ಲ.

ಮೊದಲ ದಿನವೇ ನಂದಕುಮಾರ್ ಹೇಳಿದ್ದು ನೆನಪಿದೆಯೇ? ದೂರ ಹೋಗುವುದು ತೋಳಿನ ಬಲದಿಂದಲ್ಲ, ಲಯದಿಂದ. ಕೋಲನ್ನು ಹಿಂದಕ್ಕೆ ಎತ್ತಲು ಮೂರು ಪಾಲು ಹೊತ್ತು, ಕೆಳಗಿಳಿಸಿ ಹೊಡೆಯಲು ಒಂದು ಪಾಲು. ನಾನು ಒಂದೇ ಪಾಲಿನಲ್ಲಿ ಎತ್ತಿ ಅರ್ಧ ಪಾಲಿನಲ್ಲಿ ಬಡಿಯುತ್ತಿದ್ದೆ. ಚೆಂಡು ಬಲಗಡೆಯ ಬಲೆಗೆ ಹೋಗಿ ಬೀಳುತ್ತಿತ್ತು. "ಸಾರ್, ಯಾಕಿಷ್ಟು ಅವಸರ? ಗಿರಾಕಿ ಎದ್ದು ಹೋಗ್ತಿದಾನಾ?" ಎಂದು ಎಲ್ಲರೆದುರು ಕೇಳಿದ. ಆಮೇಲೆ ನಿನ್ನ ಕೈಗೆ ಯಾರದೋ ಹಳೆಯ ಕೋಲು ಕೊಟ್ಟ. ನೀನು ಪಂಚೆಯ ಚುಂಗು ಎತ್ತಿಕೊಂಡಷ್ಟು ಸಾವಧಾನವಾಗಿ ಅದನ್ನು ಎತ್ತಿದೆ. ಮೇಲೆ ಹೋಗಿ ಒಂದು ಗಳಿಗೆ ನಿಂತಂತಾಯಿತು, ಇಳಿಯಿತು. ಚೆಂಡು ನೆಟ್ಟಗೆ ನೂರೈವತ್ತು ಗಜ. ಅಕ್ಕಪಕ್ಕದವರು ತಮ್ಮ ಆಟ ನಿಲ್ಲಿಸಿದರು.

ಏಪ್ರಿಲ್ ಹೊತ್ತಿಗೆ ನಿನ್ನದು ನೂರೆಂಬತ್ತು, ನನ್ನದು ನೂರಮೂವತ್ತು. ನಂದಕುಮಾರ್ ನಿನ್ನ ಹೊಡೆತವನ್ನು ಮೊಬೈಲಿನಲ್ಲಿ ಹಿಡಿದು ಹೊಸಬರಿಗೆಲ್ಲ ತೋರಿಸುತ್ತಿದ್ದ. ನನ್ನ ಮನೆಗೂ ಕಳಿಸಿದ. ಮೀನಾಕ್ಷಿ ಹುರುಳಿಕಾಯಿ ನಾರು ತೆಗೆಯುತ್ತಾ ನೋಡಿ, "ಭೀಮಣ್ಣ ಹೊಡೆದ್ರೆ ಕಣ್ಣು ತಂಪಾಗತ್ತೆ. ನೀವು ಹೊಡೆದ್ರೆ ಮನೇಲಿ ಹಾವು ಹೊಕ್ಕಿದೆ ಅನ್ಸತ್ತೆ," ಎಂದಳು. ಮದುವೆಯಾಗಿ ಮೂವತ್ನಾಲ್ಕು ವರ್ಷ. ನನ್ನ ಕಣ್ಣೆದುರು ಇನ್ನೊಬ್ಬ ಗಂಡಸನ್ನು ಹೊಗಳಿದ್ದು ಅದೊಂದೇ ಸಲ. ಅದೂ ನಿನ್ನನ್ನು.

ಇಬ್ಬರೂ ಒಂದೇ ರೂಮಿನಲ್ಲಿ ಒಂದೇ ಸ್ಟವ್ ಹಚ್ಚಿದವರು. ನಿನಗೆ ಸಂಬಳ ಸಿಕ್ಕಿತು, ನಾನು ಗಾಡಿಯಲ್ಲಿ ಟೈಲ್ಸ್ ಹೇರಿ ಮೂರು ಅಂಗಡಿ ಕಟ್ಟಿದೆ. ಇಷ್ಟು ವರ್ಷ ನಾನು ಮುಂದೆ, ನೀನು ಹಿಂದೆ, ಅದು ಇಬ್ಬರಿಗೂ ಒಗ್ಗಿತ್ತು. ಮುಂದಿದ್ದವನಿಗೆ ತಾನು ದೊಡ್ಡ ಮನಸ್ಸಿನವನು ಎಂಬ ಭ್ರಮೆ ಇರುತ್ತದೆ ನೋಡು. ನಿನ್ನ ಚೆಂಡು ನನ್ನದಕ್ಕಿಂತ ಐವತ್ತು ಗಜ ಮುಂದೆ ಬಿದ್ದಾಗ ಆ ಭ್ರಮೆ ಹೋಯಿತು.

ಜೂನ್ ಕೊನೆಯ ಭಾನುವಾರ ಹಿರಿಯರ ಪಂದ್ಯ ಎಂದು ಬೋರ್ಡು ಬಿತ್ತು. ಯಾರದು ಹೆಚ್ಚು ದೂರವೋ ಅವರಿಗೆ ಹಿತ್ತಾಳೆ ಕಪ್. ಅದಕ್ಕೆ ವಾರ ಮುಂಚೆ, ಕೋಣನಕುಂಟೆ ಕ್ರಾಸಿನ ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುವಾಗ ನಿನ್ನ ಗುಟ್ಟು ಕೇಳಿದೆ. ನೀನು ಮುಚ್ಚಿಡಲಿಲ್ಲ. ಮುಚ್ಚಿಟ್ಟಿದ್ದರೆ ನಾನು ಇಷ್ಟು ಸಣ್ಣವನಾಗುತ್ತಿರಲಿಲ್ಲ. "ಏನಿಲ್ಲ ಜಯಣ್ಣ, ಓಂ ಅಂತ ಎತ್ತೋಕೆ ಶುರು ಮಾಡ್ತೀನಿ, ನಮಃ ಅನ್ನೋ ಹೊತ್ತಿಗೆ ಅರ್ಧ, ಶಿವಾ ಅನ್ನೋ ಹೊತ್ತಿಗೆ ಮೇಲೆ. ಯ ಅಂದ್ರೆ ತಾನಾಗೇ ಇಳಿಯತ್ತೆ. ಐವತ್ತು ವರ್ಷದಿಂದ ಬಾಯಲ್ಲಿದೆ, ಕೈಗೂ ಬಂತು," ಎಂದೆ. ಮೂರು ಪಾಲು ಹಿಂದೆ, ಒಂದು ಪಾಲು ಮುಂದೆ. ನಾನು ಆರು ಸಾವಿರದ ಯಂತ್ರ ಕೊಂಡಿದ್ದೆ, ನಿನಗೆ ಅದು ದೀಕ್ಷೆಯ ದಿನವೇ ಬಿಟ್ಟಿ ಬಂದಿತ್ತು.

ಪಂದ್ಯಕ್ಕೆ ಎರಡು ದಿನ ಇರುವಾಗ, ಅದೇ ದರ್ಶಿನಿಯಲ್ಲಿ, ನಾನು ಆಡಿದ ಮಾತು ನಿನಗೆ ಮರೆತಿರಲಾರದು. "ಭೀಮು, ಬೆಳಗ್ಗೆ ಲಿಂಗ ಇಟ್ಕೊಳ್ಳೋ ಎಡಗೈ. ಅದಕ್ಕೇ ಕುರಿ ಚರ್ಮದ ಗ್ಲೌಸು ಹಾಕ್ಕೊಂಡು, ಒಂದು ಕಪ್ಪಿಗೋಸ್ಕರ ಮಂತ್ರ ಹೇಳ್ತೀಯಲ್ಲ. ನಮ್ಮಪ್ಪ ಇದ್ದಿದ್ರೆ ಏನಂತಿದ್ರೋ," ಎಂದೆ. ನಕ್ಕುಕೊಂಡೇ ಎಂದೆ. ನೀನು ಗ್ಲೌಸು ತೆಗೆದು ಅಂಗೈ ನೋಡಿಕೊಂಡೆ. ಕಾಫಿ ಅರ್ಧಕ್ಕೇ ಬಿಟ್ಟೆ.

ಭಾನುವಾರ ನೀನು ಗ್ಲೌಸಿಲ್ಲದೆ ಬರಿಗೈಯಲ್ಲಿ ಬಂದೆ. ತುಟಿಯಲ್ಲಿ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದುದು ನನಗೆ ಕಾಣುತ್ತಿತ್ತು. ಮೇಲೆ ಹೋದ ಕೋಲು ಅಲ್ಲೇ ತಡವರಿಸಿತು. ಮೊದಲ ಚೆಂಡು ಮೂವತ್ತು ಗಜ ಉರುಳಿತು. ಎರಡನೆಯದಕ್ಕೆ ಕೋಲು ತಗುಲಲೇ ಇಲ್ಲ. ಹಿಂದೆ ಯಾರೋ ನಕ್ಕರು. ನೀನು ನನ್ನ ಹತ್ತಿರ ಬಂದು, "ಕೈ ಮರೆತುಹೋಯ್ತು ಜಯಣ್ಣ," ಎಂದು ಕೋಲನ್ನು ಗೋಡೆಗೆ ಒರಗಿಸಿ ಹೋದೆ. ಮತ್ತೆ ಬರಲಿಲ್ಲ, ಫೋನೂ ಎತ್ತಲಿಲ್ಲ.

ಕಪ್ ನನಗೆ ಬಂತು. ನೂರೆಪ್ಪತ್ತಾರು ಗಜ. ನೀನು ಹೋದ ಮೇಲೆ ಹೊಡೆದದ್ದು, ನೀನು ನೋಡಿಲ್ಲ. ಹೇಗೆ ಹೊಡೆದೆ ಎಂದು ನಂದಕುಮಾರ್ ಕೇಳಿದ್ದಕ್ಕೆ ಅಭ್ಯಾಸ ಎಂದೆ. ನಿನಗೆ ಸುಳ್ಳು ಬೇಡ. ಓಂ ಎಂದು ಎತ್ತಿದೆ, ಯ ಎಂದು ಇಳಿಸಿದೆ. ಗ್ಲೌಸು ಹಾಕಿಕೊಂಡೇ.

ಕೋಲು ಎತ್ತುವಾಗ ಬಂದ ಮಂತ್ರ ನಿನ್ನ ಪೂಜೆಯನ್ನು ಮೈಲಿಗೆ ಮಾಡಿಲ್ಲ, ಭೀಮು. ಮೈಲಿಗೆಯಾದದ್ದು ನನ್ನ ಮಾತು. ನಾಳೆ ಬೆಳಗ್ಗೆ ಪೂಜೆಗೆ ಕೂತು ಹೇಳು, ಬರುತ್ತದೆ. ಬಂದರೆ ಮುಂದಿನ ಭಾನುವಾರ ಮೈದಾನಕ್ಕೂ ಬಾ. ನಿನ್ನ ಕೋಲು ಗೋಡೆಗೆ ಒರಗಿಸಿದಲ್ಲೇ ಇದೆ, ಯಾರಿಗೂ ಮುಟ್ಟಗೊಟ್ಟಿಲ್ಲ. ನೀನು ಹೊಡೆದರೆ ನನಗೆ ಮತ್ತೆ ಹೊಟ್ಟೆ ಉರಿಯುತ್ತದೆ, ಅದನ್ನು ಈಗಲೇ ಹೇಳಿರುತ್ತೇನೆ. ಉರಿಯಲಿ. ನೀನಿಲ್ಲದ ಮೈದಾನದಲ್ಲಿ ಗೆಲ್ಲುವುದಕ್ಕಿಂತ ಅದು ವಾಸಿ.

ಇಂತಿ,
ನಿನ್ನ ಹಳೆಯ ರೂಮಿನವ,
ಜಯದೇವಪ್ಪ

ಮ.ವಿ: ಒಂದು ಬಾಕಿ ಉಳಿಯಿತು. ದರ್ಶಿನಿಯ ಮಾತು ಬಾಯಿ ತಪ್ಪಿ ಬಂದದ್ದು ಎಂದು ನೀನು ಅಂದುಕೊಳ್ಳುತ್ತೀಯ, ಅಂದುಕೊಳ್ಳಲಿ ಎಂದೇ ಮೇಲೆ ಹಾಗೆ ಬರೆದೆ. ಅಲ್ಲ. ಅದರ ಹಿಂದಿನ ದಿನ ಮಠಕ್ಕೆ ಹೋಗಿ ಬುದ್ಧಿಯವರನ್ನೇ ಕೇಳಿದ್ದೆ, ಆಟದಲ್ಲಿ ಮಂತ್ರ ಹೇಳಿದರೆ ತಪ್ಪೇ ಎಂದು. ಅವರು ನಕ್ಕು, "ಒಕ್ಕಲು ಮಕ್ಕಳು ಕಣದಲ್ಲಿ ಶಿವಾ ಶಿವಾ ಅಂತ್ಲೇ ತೆನೆ ಬಡೀತಿದ್ರಲ್ಲಪ್ಪ. ಕೈ ಆಡ್ತಿರಲಿ, ಹೆಸರು ನಡೀತಿರಲಿ. ನಿನ್ನ ಗೆಳೆಯನಿಗೆ ನಮ್ಮ ಆಶೀರ್ವಾದ ಹೇಳು," ಎಂದಿದ್ದರು. ಆ ಆಶೀರ್ವಾದವನ್ನು ಎಂಬತ್ತು ದಿನ ಜೇಬಿನಲ್ಲೇ ಇಟ್ಟುಕೊಂಡಿದ್ದೆ.

ಈಗ ಯಾರಿಗೆ ಏನು ದಕ್ಕಿತು ನೋಡು. ನಂದಕುಮಾರನಿಗೆ ಫೀಸು. ಮೀನಾಕ್ಷಿಗೆ ಒಗ್ಗರಣೆ ಸೌಟು ನಿಲ್ಲಿಸಲು ಒಂದು ಕಪ್. ಸಿರಿಗೆ ಟಿಕ್ ಟಿಕ್. ನನಗೆ ನೂರೆಪ್ಪತ್ತಾರು ಗಜ. ನಿನಗೆ ಇಲ್ಲಿಯವರೆಗೆ ಏನೂ ಇಲ್ಲ. ಈ ಕಾಗದದಲ್ಲಿ, ತಡವಾಗಿ, ನಿನ್ನದೇ ಆಶೀರ್ವಾದ.