ನಿಂತ ಕಾರಿನ ಬ್ಯಾಟರಿ

ನರಸಿಂಹರಾಜಪುರ
೧೨ ನವೆಂಬರ್ ೨೦೨೪

ಪ್ರೀತಿಯ ತಮ್ಮ ಯಜ್ಞೇಶನಿಗೆ,

ಅಕ್ಕನ ಆಶೀರ್ವಾದ. ಅಲ್ಲಿ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಬರೆಯುವುದು ತಡವಾಯಿತು, ಬೇಸರಿಸಬೇಡ. ಫೋನಿನಲ್ಲಿ ಹೇಳುವಂತಿಲ್ಲ; ಈ ಮನೆಯಲ್ಲಿ ಸಿಗ್ನಲ್ ಸಿಗುವುದು ಅಮ್ಮನ ಕುರ್ಚಿಯ ಪಕ್ಕದಲ್ಲಿ ಮಾತ್ರ.

ನೀನು ಹೇಳಿಕೊಟ್ಟಂತೆಯೇ ಮಾಡಿದೆ. ಅಮ್ಮನ ಫಿಯೆಟ್ ಕಾರಿನ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ತುದಿಗೆ ಪ್ಲಾಸ್ಟಿಕ್ ಸುತ್ತಿ, ನೋಡಿದರೆ ಗೊತ್ತಾಗದಂತೆ ಅಲ್ಲೇ ಕೂರಿಸಿದೆ. ಅಂದಿನಿಂದ ಅಮ್ಮ ದಿನಾ ತಿಂಡಿ ಮುಗಿಸಿ, ಸೆರಗು ಸರಿಮಾಡಿಕೊಂಡು ಹೋಗಿ ಕಾರಿನಲ್ಲಿ ಕೂರುತ್ತಾಳೆ. ಕೀಲಿ ತಿರುಗಿಸುತ್ತಾಳೆ. ಸದ್ದಿಲ್ಲ. “ರಾತ್ರಿ ಬ್ಯಾಟರಿಗೆ ಹಾಕಿಟ್ಟ ಚಾರ್ಜರಲ್ಲಿ ಹಸಿರು ದೀಪ ಬಂದಿತ್ತು ಮಾರಾಯ್ತಿ, ಎಲ್ಲಿ ಹೋಯ್ತು ಚಾರ್ಜು?” ಎನ್ನುತ್ತಾಳೆ. ನಾನು ಕವಿತೆಯ ಪುಸ್ತಕ ಹಿಡಿದು, ಒಂದು ಸಾಲೂ ಓದದೆ, ಕಿಟಕಿಯಲ್ಲಿ ನಿಂತಿರುತ್ತೇನೆ.

ಕೊಪ್ಪದ ರಸ್ತೆಯಲ್ಲಿ ನಡೆದದ್ದನ್ನು ನಿನಗೆ ಪೂರ್ತಿ ಹೇಳಿರಲಿಲ್ಲ. ಅಮ್ಮನ ಕಾರು ತಾಗಿ ಸೈಕಲ್ಲಿನ ಚಕ್ರ ಡೊಂಕಾಯಿತು, ಅದರಲ್ಲಿದ್ದ ಹುಡುಗಿಯ ಮಂಡಿ ತರಚಿತು, ಅಷ್ಟು ನಿಜ. ಆದರೆ ಕಾರು ನಿಂತ ಮೇಲೆ ಅಮ್ಮ ನನ್ನನ್ನು ಕೇಳಿದ್ದು, “ಯಾವ ಹುಡುಗಿ?” ಎಂದು.

ಅಮ್ಮನ ಎಡಗಣ್ಣಿನಲ್ಲಿ ದೃಷ್ಟಿ ಏನೂ ಉಳಿದಿಲ್ಲ ಎಂದರು ಡಾಕ್ಟರು. ಅಮ್ಮನ ಉತ್ತರ: “ರಿಟೈರಾಗೂವರೆಗೆ ಇದೇ ಕಾರಲ್ಲಿ ಹೈಸ್ಕೂಲಿಗೆ ಹೋದವಳು ನಾನು. ನಂಗೆ ರಸ್ತೆ ಕಾಣದಿದ್ರೂ ರಸ್ತೆಗೆ ನನ್ನ ಗುರ್ತುಂಟು.” ಈಗ ಭಾನುವಾರ ಕೆರೆಕಟ್ಟೆಗೆ ಬರುತ್ತೇನೆಂದು ಗೆಳತಿ ತುಂಗಮ್ಮನಿಗೆ ಮಾತು ಕೊಟ್ಟಿದ್ದಾಳೆ. ದಾರಿಯುದ್ದಕ್ಕೂ ಕಾಡಿನ ತಿರುವುಗಳು.

ನಿನ್ನೆ ಮೆಕ್ಯಾನಿಕ್ ಶಾಂತವೀರಪ್ಪನನ್ನು ಕರೆಸಿದಳು. ಅವನು ಮೀಟರ್ ಇಟ್ಟ, ಪ್ಲಾಸ್ಟಿಕ್ ನೋಡಿದ, ನನ್ನ ಮುಖ ನೋಡಿದ.

“ಬ್ಯಾಟರಿಗೆ ವಯಸ್ಸಾಯ್ತು ಟೀಚರಮ್ಮಾ.”

“ನನಗಿಂತಲೂ ಆಯ್ತಾ? ಹೊಸದು ತಾ.”

ಗೇಟಿನ ಹತ್ತಿರ ನನಗೆ ಹೇಳಿದ, “ಅಕ್ಕಾ, ಭಾನುವಾರ ಬೆಳಿಗ್ಗೆ ತರ್ತೀನಿ. ಅಷ್ಟರೊಳಗೆ ನೀವೇ ಹೇಳ್ಬಿಡಿ. ಅವರ ಎದುರು ಇನ್ನೊಂದು ಸುಳ್ಳು ನನ್ನ ಕೈಲಾಗಲ್ಲ.”

ಶನಿವಾರವೇ ಹೊರಟು ಬಾ. ನಿನಗೆ ಡ್ರೈವಿಂಗ್ ಕಲಿಸಿದವಳು ಅವಳು. ನೀನು ಹೇಳಿದರೆ ಕೇಳಿಯಾಳು. ನನಗೆ ಬಾಯಿ ಬರುತ್ತಿಲ್ಲ. ನಿನಗೂ ಮನೆಯವರಿಗೂ ಒಳ್ಳೆಯದಾಗಲಿ.

ನಿನ್ನ ಅಕ್ಕ,
ವನಮಾಲಾ

ತಾ.ಕ.: ಮರುದಿನ ಬೆಳಿಗ್ಗೆ ಇದಿಷ್ಟು ಸೇರಿಸುತ್ತಿದ್ದೇನೆ. ಅಮ್ಮ ತಾನೇ ಬಾನೆಟ್ ಎತ್ತಿ ನನ್ನನ್ನು ಕರೆದಳು. ಬೆರಳಲ್ಲೇ ತಡವಿ ಪ್ಲಾಸ್ಟಿಕ್ ಬಿಡಿಸಿ ನನ್ನ ಕೈಗೆ ಕೊಟ್ಟಳು.

“ಸಾಯೂ ಬ್ಯಾಟರಿ ಒಂದೇ ಸಲ ಸಾಯೂದಿಲ್ಲ ಕೂಸೇ. ಮೊದಲು ಹಾರ್ನ್ ಸಣ್ಣ ಆಗ್ತದೆ, ಆಮೇಲೆ ಲೈಟು. ನಂಗೆ ಮೊದಲ ದಿನವೇ ಗೊತ್ತಾಯ್ತು.”

“ಮತ್ತೆ ದಿನಾ ಕೀಲಿ ತಿರುಗಿಸಿದ್ದು?”

“ನೀನು, ನಿನ್ನ ತಮ್ಮ, ಇಬ್ಬರಲ್ಲಿ ಯಾರಾದ್ರೂ ಹೇಳ್ತೀರಾ ಅಂತ. ತಂತಿ ಬಿಚ್ಚಿದ್ದು ಸರಿಯೇ, ನಿಂತ ಕಾರಿನ ಬ್ಯಾಟರಿ ಉಳಿಯೂದೇ ಹಾಗೆ. ನಂಗೆ ಗೊತ್ತಾಗದ ಹಾಗೆ ಪ್ಲಾಸ್ಟಿಕ್ ಎಂತಕ್ಕೆ ಸುತ್ತಿದ್ದು? ಆ ಹುಡುಗಿ ಕಾಣ್ಲಿಲ್ಲ ಅಂತ ನಂಗೆ ಹೆದರಿಕೆ ಇಲ್ವಾ? ಕೀಲಿ ಕೇಳಿದ್ರೆ ಕೊಡ್ತಿದ್ದೆ. ನೀವು ಕೇಳಲೇ ಇಲ್ಲ.”

ಕೀಲಿಯನ್ನು ಬ್ಯಾಟರಿಯ ಮೇಲಿಟ್ಟು, ಸುತ್ತಿ ಬಂದು ಎಡಗಡೆಯ ಬಾಗಿಲು ತೆಗೆದು ಕೂತಳು. ಡ್ರೈವರಿನ ಪಕ್ಕದ ಆ ಸೀಟಿನಲ್ಲಿ ಅಮ್ಮ ಕೂತದ್ದನ್ನು ನಾನು ಈವರೆಗೆ ನೋಡಿರಲಿಲ್ಲ. ನಾನು ಇದನ್ನು ಬರೆಯುವಾಗಲೂ ಅಲ್ಲೇ ಕೂತಿದ್ದಾಳೆ.