ಹನ್ನೊಂದನೇ ಸಾಲು

ಅಕ್ಕನಿಗೆ ನಮಸ್ಕಾರ. ನಾನು ಹುಷಾರಾಗಿದ್ದೀನಿ, ಫ್ಯಾನುಗಳ ಗದ್ದಲಕ್ಕೆ ಕಿವಿ ಮಾತ್ರ ಗುಂಯ್ ಅನ್ನುತ್ತೆ. ನಾನು ಕೆಲಸ ಮಾಡೋ ಕಡೆ ಆಳೆತ್ತರದ ಕಬ್ಬಿಣದ ಬೀರುಗಳ ತುಂಬ ಕಂಪ್ಯೂಟರುಗಳು. ಆ ಕಬ್ಬಿಣ ವೈಫೈಯನ್ನೇ ನುಂಗಿಬಿಡುತ್ತೆ. ಅಲ್ಲಿ ಫೋನ್ ನಡೆಯೋದೇ ವೈಫೈ ಮೇಲೆ. ಸಾಲು ಸಾಲೂ ಓಡಾಡಿ ಸಿಗ್ನಲ್ ಇದೆಯಾ ಅಂತ ನೋಡಿ ಬರೆಯೋದು ನನ್ನ ಕೆಲಸ, ಇಲ್ಲದ ಕಡೆ ಆಮೇಲೆ ಸರಿ ಮಾಡಿಸ್ತಾರೆ. ಹೋದ ವಾರ ಎಸಿ ಚಳಿ ತಡೆಯಲಾರದೆ ಹನ್ನೊಂದನೇ ಸಾಲಿಗೆ ಹೋಗದೆಯೇ 'ಸರಿಯಿದೆ' ಅಂತ ಬರೆದುಬಿಟ್ಟೆ.

ಸೋಮವಾರ ಅಲ್ಲೇ ನಮ್ಮ ಎಲೆಕ್ಟ್ರಿಷಿಯನ್ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡರು. ಫೋನ್ ಹೋಗಲಿಲ್ಲ, ಕೂಗಿದ್ದೂ ಯಾರಿಗೂ ಕೇಳಲಿಲ್ಲ. ಮುಕ್ಕಾಲು ಗಂಟೆ ಹಾಗೇ ಬಿದ್ದಿದ್ದರಂತೆ.

ಆಸ್ಪತ್ರೆಗೆ ನೋಡೋಕೆ ಹೋದರೆ, "ನನ್ನ ಫೋನೇ ಡಬ್ಬಾ ಕಣಮ್ಮ" ಅಂತ ನಕ್ಕರು. ನಾನು ತಲೆ ತಗ್ಗಿಸಿಕೊಂಡು "ಹೂಂ" ಅಂದುಬಿಟ್ಟೆ ಅಕ್ಕ! ಆವತ್ತಿನಿಂದ ಊಟ ಸೇರ್ತಿಲ್ಲ. ಇವತ್ತು ಸಾಹೇಬರಿಗೆ ನಿಜ ಹೇಳಿದೆ. "ನನಗಲ್ಲ, ಮೊದಲು ಅವರಿಗೆ ಹೇಳು ಹೋಗು" ಅಂದರು. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಇದನ್ನ ಬರೀತಿದ್ದೀನಿ. ಅವರ ಹೆಂಡತಿಯೂ ಪಕ್ಕದಲ್ಲೇ ಕೂತಿದ್ದಾರೆ, ಮುಖ ಎತ್ತಿ ನೋಡೋಕೆ ಆಗ್ತಿಲ್ಲ. ಅಮ್ಮನಿಗೆ ಈಗಲೇ ತಿಳಿಸಬೇಡ. ನರ್ಸ್ ಒಳಗೆ ಕರೀತಿದ್ದಾರೆ. ಹೇಳಿಯೇ ಬರ್ತೀನಿ.

ನಿನ್ನ ತಂಗಿ