ಸ್ಟೇಕ್ ಕೇಳಿದವನಿಗೆ ಸಿಕ್ಕಿದ್ದು

ಅಕ್ಕಾ,

ಎರಡು ದವಡೆ ಹಲ್ಲು ಕೀಳಿಸಿದ್ದಕ್ಕೆ ಮುನ್ನೂರು ಡಾಲರ್, ಇಂದಿನ ಊಟಕ್ಕೆ ಒಂಬತ್ತು. ನೆಬ್ರಾಸ್ಕದ ಈ ಊರಿನ ಡೈನರ್ ಎಂಬ ಚಿಕ್ಕ ಹೋಟೆಲಿನಲ್ಲಿ ಮೆತ್ತಗಿನದು ಕೇಳಲು ನಾಚಿಕೆಯಾಗಿ, ಎರಡು ದಿನದ ಹಸಿವಿನಲ್ಲಿ ಸ್ಟೇಕ್, ಅಂದರೆ ಚೆನ್ನಾಗಿ ಅಗಿಯಬೇಕಾದ ದಪ್ಪ ಮಾಂಸದ ತುಂಡು, ಹೇಳಿಬಿಟ್ಟೆ. ಬಡಿಸುವ ವರ್ಲೀನ್ ನನ್ನ ಊದಿದ ಕೆನ್ನೆ ನೋಡಿದಳು. ತಂದಿಟ್ಟದ್ದು ಕದಡಿ ಬೇಯಿಸಿದ ಮೊಟ್ಟೆ, ಬೆಣ್ಣೆ ಹಾಕಿ ಹಿಸುಕಿದ ಆಲೂಗಡ್ಡೆ.

“ನಾನು ಹೇಳಿದ್ದು ಸ್ಟೇಕಲ್ವಾ?”

“ಕೇಳಿಸ್ಕೊಂಡೆ ಚಿನ್ನಾ. ಈಗ ಇದನ್ನ ತಿನ್ನು.”

ಪಕ್ಕದ ಸ್ಟೂಲಿನ ಮುದುಕ ಹೇಳಿದ: “ವಾದ ಮಾಡ್ಬೇಡಪ್ಪ. ಹತ್ತು ವರ್ಷದಿಂದ ನಾನು ಕೇಳಿದ್ದನ್ನ ಇವಳು ಕೊಟ್ಟೇ ಇಲ್ಲ. ಅದಕ್ಕೇ ಇನ್ನೂ ಬದುಕಿದೀನಿ.”

ತಟ್ಟೆ ಬಳಿದು ತಿಂದೆ. ಬಾವು ಇಳಿಯುತ್ತಿದೆ, ಚಿಂತೆ ಬೇಡ. ಬಸ್ಸಿಗೆ ಕರೆಯುತ್ತಿದ್ದಾರೆ. ವರ್ಲೀನ್‌ಗೆ ಐದು ಡಾಲರ್ ಟಿಪ್ಸ್ ಸಿಕ್ಕಿತು, ಮುದುಕನಿಗೆ ಇಡೀ ಬೆಳಗಿನ ನಗು, ನನಗೆ ಹೊಟ್ಟೆ ತುಂಬ ಊಟ.

ನಿನ್ನ ತಮ್ಮ,
ಡ್ವೇಯ್ನ್